ಟಮಾಟಿಗೆ ತಂದ ಔಷಧಿ

ಎಲೆ ಮುದುರಿದ್ದನ್ನು ಮೊದಲು ಕಂಡವಳು ದುರುಗಮ್ಮ. ಶಿವರಾತ್ರಿ ಕಳೆದು ನಾಲ್ಕು ದಿನವಾಗಿತ್ತು. ತೆಕ್ಕಲಕೋಟೆಯ ಹೊರಗೆ, ಕಣ್ಣು ಹಾಯುವವರೆಗೂ ಭತ್ತವೇ ಇರುವ ಕಡೆ, ಬೋರಿನ ನೀರು ನಂಬಿ ಒಂದೆಕರೆ ಟಮಾಟಿ ಹಚ್ಚಿದ್ದರು. ಊರವರು ನಕ್ಕಿದ್ದರು. ನಕ್ಕವರ ಬಾಯಿ ಮುಚ್ಚಿಸುವ ಹಾಗೆ ಸಸಿ ಹತ್ತಿಕೊಂಡು, ತಿಂಗಳು ತುಂಬುವುದರೊಳಗೆ ಮೊಣಕಾಲೆತ್ತರ ಬಂದಿತ್ತು. ಆ ಬೆಳಿಗ್ಗೆ ನೋಡಿದರೆ ಮೋಟಾರು ಶೆಡ್ಡಿನ ಪಕ್ಕದ ಸಾಲಿನಲ್ಲಿ ಏಳೆಂಟು ಗಿಡಗಳ ತುದಿ ಎಲೆಗಳು ಮೇಲಕ್ಕೆ ಮಡಿಚಿಕೊಂಡು ದೊನ್ನೆಯಂತಾಗಿದ್ದವು. ಅಂಚೆಲ್ಲ ಹಳದಿ. ಅವಳು ಒಂದು ಎಲೆ ಚಿವುಟಿ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಉಗ್ಗಾಣಿಯ ಮಂಡಕ್ಕಿ ಒಗ್ಗರಣೆಗೆ ಬಿದ್ದಿತ್ತು. ಸೊಸೆ ಸುಧಾರಾಣಿ ಒಲೆಯ ಮುಂದಿದ್ದಳು. ಮಗ ಹಂಪೇಶ್ ತನ್ನ ಲಗೇಜ್ ಗಾಡಿಯ ಗಾಜು ಒರೆಸುತ್ತಿದ್ದ. ದಿನಾ ಬೆಳಿಗ್ಗೆ ಮಗಳು ಪೂಜಿತಾಳನ್ನು ಸಿರುಗುಪ್ಪದ ಸಾಲೆಗೆ ಬಿಟ್ಟು, ಅಲ್ಲಿನ ರೈಸ್ ಮಿಲ್ಲಿನಲ್ಲಿ ಅಕ್ಕಿ ಮೂಟೆ ತುಂಬಿಕೊಂಡು ಬಳ್ಳಾರಿಗೆ ಹೋಗುವುದು ಅವನ ಕೆಲಸ. ಎರಡನೇ ಕ್ಲಾಸಿನ ಪೂಜಿತಾ ಒಂದು ಜಡೆ ಹಾಕಿಸಿಕೊಂಡು ಇನ್ನೊಂದರ ರಿಬ್ಬನ್ ಹುಡುಕುತ್ತಿದ್ದಳು. ದುರುಗಮ್ಮನ ಗಂಡ ಕಾಡಸಿದ್ದಪ್ಪ ಕಟ್ಟೆಯ ಮೇಲೆ ಕೂತು, ಮುಂದಿನ ಹಲ್ಲಿಲ್ಲದ ಬಾಯಲ್ಲಿ ಮಿರ್ಚಿ ಬಜ್ಜಿಯನ್ನು ದವಡೆಗೆ ತಳ್ಳಿ ಅಗಿಯುತ್ತಿದ್ದ.

“ನೋಡ್ರಿ ಇಲ್ಲಿ, ಎಲಿ ಹೆಂಗಾಗೇತಿ.”

ಕಾಡಸಿದ್ದಪ್ಪ ಎಲೆ ತಿರುಗಿಸಿ ನೋಡಿದ. “ಎಷ್ಟು ಗಿಡಕ್ಕ ಐತಿ?”

“ಏಳೆಂಟು.”

ಸುಧಾರಾಣಿ ಫೋನಿನಲ್ಲಿ ಎಲೆಯ ಫೋಟೊ ಹಿಡಿದಳು. “ಅತ್ತಿ, ನಮ್ಮ ತವರಾಗ, ಕುರುಗೋಡಿನ್ಯಾಗ, ಗವಿಸಿದ್ದೇಶಣ್ಣ ಅದಾನಲ್ಲ, ಅವ ಕೃಷಿ ಓದ್ಯಾನ. ಬಾ ಅಂತ ಹೇಳ್ಲೇನು?”

“ಓದಿದವ್ರು ಬರೋದ್ರಾಗ ಹೊಲ ಬಯಲಾಗಿರ್ತೈತಿ,” ಎನ್ನುತ್ತ ಒಳಗೆ ಬಂದವನು ಪಕ್ಕದ ಹೊಲದ ಹಂಪಯ್ಯ. ಒಗ್ಗರಣೆಯ ವಾಸನೆಗೂ ಅವನಿಗೂ ಯಾವ ಜನ್ಮದ ನಂಟೋ, ಈ ಮನೆಯ ಒಲೆಯ ಮೇಲೆ ಬಾಣಲೆ ಏರಿದಾಗಲೇ ಅವನಿಗೆ ಏನಾದರೂ ಹೇಳುವುದು ನೆನಪಾಗುತ್ತಿತ್ತು. ಎಲೆ ನೋಡಿದ, ನಕ್ಕ. “ಮುಟುರು ರೋಗ. ಇದಕ್ಯಾಕ ತಲಿ ಕೆಡಿಸ್ಕೊಂತೀರಿ? ಮೆಣಸಿನಕಾಯಿಗೆ ನಾವು ಹೊಡಿಯಂಗಿಲ್ಲೇನು? ಒಂದು ಟ್ಯಾಂಕಿಗೆ ಒಂದು ಪಾಕೀಟು ಬ್ರಾಂದಿ. ಮೂರು ಸಲ ಹೊಡೀರಿ, ಎಲಿ ಹೆಂಗ ಅರಳ್ತೈತಿ ನೋಡ್ರಿ.”

ಹಂಪಯ್ಯನಿಗೆ ತಾನು ಯಾರ ಮನೆಯಲ್ಲಿ ಕೂತಿದ್ದೇನೆಂದು ಆಮೇಲೆ ಹೊಳೆಯಿತೇನೋ, ಉಗ್ಗಾಣಿಗೆ ತಲೆ ತಗ್ಗಿಸಿದ.

ದುರುಗಮ್ಮನ ಎಡಗೈ ಮಣಿಕಟ್ಟು ನೆಟ್ಟಗೆ ಬಾಗುವುದಿಲ್ಲ. ರೊಟ್ಟಿ ಬಡಿಯುವುದು ಬಲಗೈಯೊಂದೇ. ಎಡಗೈ ಸುಮ್ಮನೆ ಹಿಟ್ಟಿನ ಅಂಚು ತಿರುಗಿಸುತ್ತದೆ. ಕಾಡಸಿದ್ದಪ್ಪ ಕುಡಿಯುತ್ತಿದ್ದ ಕಾಲದಲ್ಲಿ, ಒಂದು ಸಂಜೆ ಬಾಗಿಲಿಗೆ ಒತ್ತಿ ಹಿಡಿದು ತಿರುವಿದ್ದ. ಅದೇ ವರ್ಷ ಕಾಲುವೆಯ ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದು ಮುಂದಿನ ನಾಲ್ಕು ಹಲ್ಲು ಕಳಕೊಂಡಿದ್ದ. ಇಪ್ಪತ್ತೈದು ವರ್ಷ ಅವಳು ಗಂಡನ ಮುಖಕ್ಕಿಂತ ಮೊದಲು ಅವನ ಚಪ್ಪಲಿ ನೋಡಿದವಳು. ಬಾಗಿಲಲ್ಲಿ ಚಪ್ಪಲಿ ಜೋಡಿಯಾಗಿದ್ದರೆ ತಾಟು ಇಡಬಹುದು. ಒಂದು ಬೋರಲು ಬಿದ್ದು ಇನ್ನೊಂದು ಅಂಗಳದಲ್ಲಿದ್ದರೆ ಹಂಪೇಶನನ್ನು ಪಕ್ಕದ ಮನೆಗೆ ಕಳಿಸಬೇಕು. ಆಮೇಲೆ ಅವಳೇ ಹೋಗಿ ಚಪ್ಪಲಿ ನೆಟ್ಟಗಿಟ್ಟು ಬರುತ್ತಿದ್ದಳು, ಕಂಡವರು ಆಡಿಕೊಳ್ಳಬಾರದೆಂದು. ಪೂಜಿತಾಳ ಜವಳ ತೆಗೆಸುವ ದಿನ, ಕುರುಗೋಡಿನ ದೊಡ್ಡಬಸವಣ್ಣನ ಮುಂದೆ, ಕೂಸಿನ ಬೋಳು ತಲೆಯ ಮೇಲೆ ಕೈಯಿಟ್ಟು ಅವನು ಬಿಟ್ಟ. ಆರು ವರ್ಷವಾಯಿತು. ಆ ಆರು ವರ್ಷವೇ ದುರುಗಮ್ಮ ಬಾಳಿದ ಬಾಳು.

“ನಮ್ಮನಿಗಿ ಅದು ಬರೋದು ಬ್ಯಾಡ,” ಎಂದಳು.

“ಗಿಡಕ್ಕ ತರೋದಲ್ಲೇನವ್ವಾ, ಮನಷ್ಯಾರಿಗಲ್ಲ,” ಎಂದ ಹಂಪೇಶ್. “ಸಾಲಿ ಫೀಸು, ಮಾಳಿಗಿ ರಿಪೇರಿ, ಎಲ್ಲಾ ಈ ಟಮಾಟಿ ಮ್ಯಾಲೆ ಐತಿ. ಸುಮ್ನ ಕುಂತು ನೋಡಾಕ ಆಗ್ತೈತೇನು?”

ಕಾಡಸಿದ್ದಪ್ಪ ಕೈ ತೊಳೆದುಕೊಂಡು ಎದ್ದ. “ಪಂಪು ನಾ ಹೊರ್ತೀನಿ. ನಲವತ್ತು ವರ್ಷ ಹೊತ್ತೀನಿ,” ಎಂದವನು ಹೆಂಡತಿಯ ಕಡೆ ನೋಡಲಿಲ್ಲ.

ಮರುದಿನ ಹಂಪೇಶ್ ಒಂದು ಡಬ್ಬಿ ತಂದ. ನಲವತ್ತೆಂಟು ಕಾಗದದ ಪಾಕೀಟು, ಮಕ್ಕಳು ಕುಡಿಯುವ ಮಾವಿನ ರಸದ ಪಾಕೀಟಿನ ಹಾಗೆಯೇ ಕಾಣುವಂಥವು. ದುರುಗಮ್ಮ ಅದನ್ನು ತನ್ನ ಮದುವೆಯ ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಟ್ರಂಕಿನ ಬೀಗ ಎಷ್ಟರದೆಂದು ಅವಳಿಗೆ ಗೊತ್ತಿತ್ತು. ಹಿಂದೆ ಇದೇ ಕಾಡಸಿದ್ದಪ್ಪ ಸೈಕಲ್ಲಿನ ಕಡ್ಡಿ ಹಾಕಿ ಅದನ್ನು ತೆರೆದು, ಅವಳ ಕೂಲಿ ರೊಕ್ಕ ಒಯ್ದಿದ್ದುಂಟು.

ಮೊದಲ ಸಲ ಹನ್ನೆರಡು ಟ್ಯಾಂಕಿಗೆ ಹನ್ನೆರಡು ಪಾಕೀಟು ಎಣಿಸಿ ಕೊಟ್ಟಳು. ತಾನೇ ಬದುವಿನ ಮೇಲೆ ಕೂತು ಕಾದಳು. ಕಾಡಸಿದ್ದಪ್ಪ ಕುಡಗೋಲಿನಿಂದ ಪಾಕೀಟಿನ ಮೂಲೆ ಕೊಯ್ದು ಟ್ಯಾಂಕಿಗೆ ಸುರಿಯುವುದು, ನೀರು ಹಾಕುವುದು, ಬೆನ್ನಿಗೇರಿಸಿಕೊಂಡು ಸಾಲಿಗೆ ಇಳಿಯುವುದು. ಎಲ್ಲ ಕಣ್ಣಮುಂದೆಯೇ. ಆದರೂ ಟಮಾಟಿ ಸಾಲುಗಳಿಗೆ ಹುರಿ ಕಟ್ಟಿದ ಕೋಲುಗಳು. ಅವನು ಆಚೆ ತುದಿಗೆ ಹೋಗಿ ಬಗ್ಗಿದರೆ ಅವಳಿಗೆ ಕಾಣುತ್ತಿರಲಿಲ್ಲ.

ಸಂಜೆ ಮನೆಗೆ ಬಂದಾಗ ಅವನ ಅಂಗಿ, ಟವೆಲ್ಲು, ತಲೆಗೂದಲು ಎಲ್ಲ ಅದೇ ವಾಸನೆ. ಆರು ವರ್ಷದ ಹಿಂದಿನ ವಾಸನೆ ನಡುಮನೆಯಲ್ಲಿ ಬಂದು ನಿಂತಿತು.

“ಬಾಯಿ ತಗೀರಿ,” ಎಂದಳು.

“ಏನು?”

“ಬಾಯಿ ತಗೀರಿ ಅಂದೆ.”

ಅವನು ತೆಗೆದ. ವಾಸನೆ ಬಾಯಿಂದ ಬರುತ್ತಿತ್ತೋ ಅಂಗಿಯಿಂದ ಬರುತ್ತಿತ್ತೋ ಬ್ರಹ್ಮನಿಗೇ ಗೊತ್ತು. ಹೊರಗೆ ಹೋಗಿ ಚಪ್ಪಲಿ ನೋಡಿ ಬಂದಳು. ಜೋಡಿಯಾಗಿದ್ದವು. ಆದರೂ ಮನಸ್ಸು ನಿಲ್ಲಲಿಲ್ಲ. ಇಷ್ಟು ವರ್ಷ ಅವಳನ್ನು ಕಾಪಾಡಿದ್ದು ಅವಳ ಮೂಗು. ಈಗ ಮನೆಯೇ ನಾರುತ್ತಿದ್ದರೆ ಆ ಮೂಗಿಟ್ಟುಕೊಂಡು ಏನು ಮಾಡುವುದು?

ಎರಡನೇ ಸಲದ ಹಿಂದಿನ ದಿನ ಅವಳು ಹಂಪೇಶನನ್ನು ಗಾಡಿಯ ಹತ್ತಿರ ನಿಲ್ಲಿಸಿ ಹೇಳಿದಳು: “ನಾಳೆ ಪಂಪು ನೀ ಹೊರು. ನಿಮ್ಮಪ್ಪನ ಕೈಗೆ ಅದು ಬ್ಯಾಡ.”

“ಅವ್ವಾ, ನನಗ ಆ ವಾಸನಿ ಕಂಡ್ರ ಆಗಂಗಿಲ್ಲ. ಗೊತ್ತಿಲ್ಲೇನು ನಿನಗ?”

ಗೊತ್ತಿತ್ತು. ಹತ್ತು ವರ್ಷದವನಿದ್ದಾಗ ಅಪ್ಪನ ಬಾಟಲಿ ಕದ್ದು ಬಚ್ಚಲಿಗೆ ಸುರಿದು ಏಟು ತಿಂದಿದ್ದ ಹುಡುಗ. ಮದುವೆ ಮನೆಯಲ್ಲೂ ಮುಟ್ಟಿದವನಲ್ಲ. ಅದಕ್ಕೇ ಅವಳಿಗೆ ಧೈರ್ಯ.

“ಆಗದವರ ಕೈಯಾಗ ಇದ್ರನ ಚಲೋ,” ಎಂದು ಸೊಂಟದ ಕೀಲಿಕೈ ತೆಗೆದು ಅವನ ಅಂಗೈಗೆ ಹಾಕಿದಳು. “ಇದೂ ನಿನ್ನತ್ರಾನ ಇರ್ಲಿ. ಅವ್ರು ಅತ್ತು ಕರದು ಕೇಳಿದ್ರ ನಾ ಎಲ್ಲಿ ಕೊಟ್ಟುಬಿಡ್ತೀನೋ ಅಂತ ಅಂಜಿಕಿ.”

ಎರಡನೇ ಸಲ ಹಂಪೇಶ್ ಹೊಡೆದ. ಮುಖಕ್ಕೆ ಟವೆಲ್ಲು ಬಿಗಿದುಕೊಂಡು, ನಡುವೆ ಒಮ್ಮೆ ಬದುವಿನಲ್ಲಿ ಕೂತು ವಾಂತಿಯನ್ನೂ ಮಾಡಿಕೊಂಡ. ಮೂರನೇ ವಾರ ಮುಖಕ್ಕೆ ಟವೆಲ್ಲು ಇರಲಿಲ್ಲ. “ರೂಢಿ ಆಗೇತಿ,” ಎಂದು ನಕ್ಕ. ಆ ದಿನ ಊಟಕ್ಕೆ ಕೂತವನು ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡು, “ಅವ್ವಾ, ನಿನ್ನ ಕೈ ರುಚಿ ಸುಧಾಗ ಬರಂಗಿಲ್ಲ ಬಿಡು,” ಎಂದ. ಸುಧಾರಾಣಿ ಸಿಟ್ಟಾದಳು. ದುರುಗಮ್ಮನಿಗೆ ಖುಷಿಯಾಯಿತು. ಬೈಸಿಕೊಳ್ಳುವಷ್ಟು ಖುಷಿಯಾಯಿತು ಅವಳಿಗೆ, ಮುದಿ ಹುಚ್ಚಿಗೆ.

ಗಿಡಗಳು ಮಾತ್ರ ಅರಳಲಿಲ್ಲ. ಏಳೆಂಟು ಹೋಗಿ ಎಪ್ಪತ್ತಾದವು. ಮುದುರಿದವು ಎತ್ತರ ಏರಲಿಲ್ಲ, ಹೂ ಉದುರಿಸಿದವು. ಹೊಸ ಸಾಲುಗಳಲ್ಲೂ ತುದಿ ಎಲೆ ಮಡಿಚಿಕೊಳ್ಳತೊಡಗಿತು. ಹಂಪಯ್ಯ, “ನಾಕನೇದು ಹೊಡೀರಿ,” ಎಂದ. ಸುಧಾರಾಣಿ ಯಾರನ್ನೂ ಕೇಳದೆ ಕುರುಗೋಡಿಗೆ ಫೋನು ಮಾಡಿದಳು.

ಗವಿಸಿದ್ದೇಶ್ ಭಾನುವಾರ ಬೈಕಿನಲ್ಲಿ ಬಂದ. ತೆಳ್ಳನೆಯ ಹುಡುಗ, ಮಾತು ಕಡಿಮೆ. ನೇರ ಹೊಲಕ್ಕೆ ಹೋಗಿ, ಹಸಿರಾಗಿ ನೆಟ್ಟಗಿದ್ದ ಗಿಡವೊಂದರ ಮುಂದೆ ಕೂತ.

“ಇದಕ್ಕೇನೂ ಆಗಿಲ್ಲಪ್ಪಾ, ಚಲೋ ಐತಿ,” ಎಂದಳು ದುರುಗಮ್ಮ.

“ಮ್ಯಾಲಿಂದ ನೋಡಿದ್ರ ಎಲ್ಲಾ ಚಲೋ ಇರ್ತಾವ ಅತ್ತಿ. ಇಲ್ಲಿ ಬರ್ರಿ.” ಎಲೆಯನ್ನು ಮೆಲ್ಲಗೆ ಮಗುಚಿದ. ಅಡಿಯಲ್ಲಿ ಹಿಟ್ಟು ಉದುರಿದ ಹಾಗೆ ಬೆಳ್ಳನೆಯ ಸಣ್ಣ ನೊಣಗಳು. ಗಾಳಿ ತಾಗಿದ್ದೇ ಬುರ್ರೆಂದು ಎದ್ದು ಪಕ್ಕದ ಗಿಡಕ್ಕೆ ಹೋಗಿ ಕೂತವು. “ಬಿಳಿ ನೊಣ. ರೋಗದ ಗಿಡದ ರಸ ಹೀರಿ ಚಲೋ ಗಿಡಕ್ಕ ಹೋಗಿ ಕುಂದರ್ತಾವ. ರೋಗ ಹೊಕ್ಕಿದ್ದು ಹೊರಗ ಕಾಣಾಕ ಎರಡು ಮೂರು ವಾರ ಬೇಕು. ಅಷ್ಟರಾಗ ಅದು ಇನ್ನೊಂದಕ್ಕ ದಾಟಿರ್ತೈತಿ.”

“ಬ್ರಾಂದಿ ಹೊಡದ್ವಿ, ಮೂರು ಸಲ,” ಎಂದ ಹಂಪೇಶ್.

ಗವಿಸಿದ್ದೇಶ್ ನಗಲಿಲ್ಲ. “ಅದ್ರಿಂದ ಏನೂ ಉಪಯೋಗಿಲ್ಲ ಭಾವ.”

“ಹಂಗಾರ ಮುದುರಿದ ಗಿಡಕ್ಕ ಏನು ಔಷಧಿ?” ಕೇಳಿದ್ದು ಕಾಡಸಿದ್ದಪ್ಪ.

“ಇಲ್ರಿ ಮಾವ. ಒಳಗ ಹೊಕ್ಕ ಮ್ಯಾಲೆ ಔಷಧಿ ಇಲ್ಲ. ಆ ಗಿಡಕ್ಕ ಚೀಲ ಮುಚ್ಚಿ, ಅಳ್ಳಾಡಿಸ್ದಂಗ ಬೇರು ಸಮೇತ ಕೀಳಬೇಕು, ಹುಗೀಬೇಕು. ದಿನಾ ನೋಡಬೇಕು, ಕಂಡದ್ದು ಕೀಳಬೇಕು. ಹಳದಿ ಹಾಳಿಗೆ ಹರಳೆಣ್ಣಿ ಬಳದು ಸಾಲಿನಾಗ ಕಟ್ರಿ, ನೊಣ ಬಂದು ಅಂಟ್ಕೊಂತಾವ. ಬೇವಿನೆಣ್ಣಿ ಎಲಿ ಅಡಿಗೆ ಬೀಳಂಗ ಹೊಡೀರಿ. ಉಳಿದದ್ದು ಉಳೀತೈತಿ.”

ಕಾಡಸಿದ್ದಪ್ಪ ಬಹಳ ಹೊತ್ತು ಗಿಡ ನೋಡುತ್ತ ನಿಂತ. ಆಮೇಲೆ ಮಗನ ಕಡೆ ನೋಡಿದ. ಹಂಪೇಶ್ ಸೋಂಪು ಜಗಿಯುತ್ತಿದ್ದ.

ಆ ಮಧ್ಯಾಹ್ನ ಗವಿಸಿದ್ದೇಶ್ ಊಟ ಮಾಡಿ ಹೋದ ಮೇಲೆ ದುರುಗಮ್ಮ ಮಗನಿಂದ ಕೀಲಿಕೈ ಕೇಳಿದಳು. ಇನ್ನು ಈ ಪೀಡೆ ಮನೆಯಲ್ಲಿ ಯಾಕೆ? ಮೂರು ಸಲಕ್ಕೆ ಮೂವತ್ತಾರು ಹೋದರೆ ಹನ್ನೆರಡು ಉಳಿದಿರಬೇಕು, ಬಚ್ಚಲಿಗೆ ಸುರಿದು ಕೈ ತೊಳೆದುಕೊಂಡರಾಯಿತು.

“ಆಮ್ಯಾಲೆ ನಾನಾ ಚೆಲ್ತೀನಿ ಬಿಡವ್ವಾ,” ಎಂದ ಹಂಪೇಶ್.

“ಆಮ್ಯಾಲೆ ಯಾಕ? ಕೊಡಿಲ್ಲಿ.”

ಟ್ರಂಕು ತೆರೆದಳು. ಡಬ್ಬಿಯ ಬಾಯಿಯಲ್ಲಿ ನಾಲ್ಕು ಪಾಕೀಟು ಸಾಲಾಗಿದ್ದವು. ಅವುಗಳ ಅಡಿಗೆ ಕೈ ಹಾಕಿದರೆ ಬರೀ ಸುತ್ತಿದ ಹಳೇ ಪೇಪರು.

ದುರುಗಮ್ಮ ಪೇಪರಿನ ಉಂಡೆ ಹಿಡಿದುಕೊಂಡೇ ನಡುಮನೆಗೆ ಬಂದಳು. ಕೂಗಲಿಲ್ಲ. ಕೂಗುವ ಶಕ್ತಿ ಎಲ್ಲಿಂದ ತರುವುದು?

“ಸೈಕಲ್ ಕಡ್ಡಿ ಇನ್ನೂ ಇಟ್ಕೊಂಡೀರೇನು?”

ಕಾಡಸಿದ್ದಪ್ಪ ಊಟದ ತಾಟಿನಿಂದ ತಲೆಯೆತ್ತಿದ.

“ಎಂಟು ಇಲ್ಲ. ಎಂಟು ಪಾಕೀಟು. ಅದಾ ಟ್ರಂಕು, ಅದಾ ಬೀಗ. ಆ ಕೂಸಿನ ತಲಿ ಮ್ಯಾಲೆ ಕೈ ಇಟ್ಟಿದ್ರಿ, ನೆನಪೈತೇನು? ಬಸವಣ್ಣ ನೋಡಾಕ ಹತ್ಯಾನ ಅಂತರ ಅಂಜಿಕಿ ಬ್ಯಾಡೇನು?”

ಕಾಡಸಿದ್ದಪ್ಪ ಮಗನ ಮುಖ ನೋಡಿದ. ಹಂಪೇಶ್ ತಾಟಿನಲ್ಲಿದ್ದ ರೊಟ್ಟಿಯನ್ನು ಚೂರುಚೂರು ಮಾಡುತ್ತಿದ್ದ, ತಲೆ ಎತ್ತಲೇ ಇಲ್ಲ. ಸುಧಾರಾಣಿ ಚರಿಗೆ ಹಿಡಿದು ನಿಂತಲ್ಲೇ ನಿಂತಳು.

“ಮಾತಾಡ್ರಿ. ನೀವಾ ತಗೊಂಡ್ರೋ ಇಲ್ಲೋ?”

“ಹೂಂ,” ಎಂದ ಕಾಡಸಿದ್ದಪ್ಪ. “ನಾನಾ.”

ಅವತ್ತಿನಿಂದ ಅವನ ಹಾಸಿಗೆ ದನದ ಕೊಟ್ಟಿಗೆಗೆ ಹೋಯಿತು. ದುರುಗಮ್ಮ ಅವನಿಗೆ ಬಡಿಸುವುದು ಬಿಟ್ಟಳು; ರೊಟ್ಟಿ ಬಡಿದು ಬುಟ್ಟಿಯಲ್ಲಿಡುವಳು, ಸುಧಾರಾಣಿ ಒಯ್ದು ಕೊಡುವಳು. ಮನೆಯಲ್ಲಿ ಅವರಿಬ್ಬರ ನಡುವೆ ಮಾತೆಂದರೆ ಪೂಜಿತಾಳ ಮೂಲಕ. “ತಾತಗ ಹೇಳು, ನೀರಿನ ಮೋಟಾರು ಬಂದ್ ಮಾಡಂತ.” “ಅಜ್ಜಿಗೆ ಹೇಳು, ಮಾಡೇನಂತ.”

ಅದಕ್ಕಿಂತ ಕೆಟ್ಟದ್ದು ಎರಡು ದಿನದಲ್ಲಿ ಶುರುವಾಯಿತು. ಕಾಡಸಿದ್ದಪ್ಪ ಬೆಳಿಗ್ಗೆ ಎದ್ದು ಮಡಚಿದ ಅಂಗಿ ಹಾಕಿಕೊಂಡು, ಮಗನ ಗಾಡಿಯಲ್ಲಿ ಪೂಜಿತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಿರುಗುಪ್ಪಕ್ಕೆ ಹೊರಟ.

“ಎಲ್ಲಿಗಂತ ಕೇಳು,” ಎಂದಳು ದುರುಗಮ್ಮ ಮೊಮ್ಮಗಳಿಗೆ.

“ಸಿರುಗುಪ್ಪದಾಗ ಕೆಲಸ ಐತಿ ಅಂತ ಹೇಳು,” ಎಂದ.

ಹತ್ತೂವರೆ ಬಸ್ಸಿಗೆ ವಾಪಸು ಬಂದ. ಮರುದಿನವೂ ಹೋದ. ಅದರ ಮರುದಿನವೂ. ಸಿರುಗುಪ್ಪದಲ್ಲಿ ಅವನಿಗೆ ಏನು ಕೆಲಸ? ಬೆಳಿಗ್ಗೆ ಎಂಟಕ್ಕೇ ಬಾಗಿಲು ಸರಿಸಿಕೊಂಡು ಕುಡಿಸುವ ಅಂಗಡಿ ಎಲ್ಲಿದೆಯೆಂದು ಕುಡಿಯುವವರಿಗೆ ಗೊತ್ತಿರುತ್ತದೆ. ಅದೂ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಾನಲ್ಲ, ನಾಚಿಕೆಗೆಟ್ಟವನು, ಎಂದು ದುರುಗಮ್ಮ ಹಲ್ಲು ಕಚ್ಚಿದಳು.

ಹಂಪೇಶನೂ ಗೊಣಗಿದ. “ಅಪ್ಪಾ, ನೀ ಯಾಕ ದಿನಾ ಬರ್ತೀ? ಗಾಡ್ಯಾಗ ಜಾಗ ಇಲ್ಲ.”

“ನನಗ ಎಷ್ಟು ಜಾಗ ಬೇಕಲೇ,” ಎಂದ ಕಾಡಸಿದ್ದಪ್ಪ, ಮತ್ತು ಹತ್ತಿ ಕೂತ.

ಒಂದು ಮಧ್ಯಾಹ್ನ ಜೋಳ ಹಸನು ಮಾಡುವಾಗ ಸುಧಾರಾಣಿ ಮೆಲ್ಲಗೆ ಹೇಳಿದಳು: “ಅತ್ತಿ, ಒಂದು ಮಾತು ಹೇಳ್ಲೇನು? ದಿನಾ ತಾಟು ಕೊಡೋಳು ನಾನು. ಮಾವನ ಹತ್ರ ವಾಸನಿ ಬರಂಗಿಲ್ಲ.”

“ಇಪ್ಪತ್ತೈದು ವರ್ಷ ಕುಡುಕನ ಜೋಡಿ ನಾ ಸಂಸಾರ ಮಾಡೀನಿ. ನಿನಗೇನ್ ಗೊತ್ತೈತಿ?”

“ಇವರೂ ಹದಿನೈದು ದಿನದಿಂದ ಮಾಳಿಗಿ ಮ್ಯಾಲೆ ಮಲಗಾಕ ಹತ್ಯಾರ. ಸೆಕಿ ಅಂತಾರ.”

“ಸೆಕಿ ಇಲ್ಲೇನು ಮತ್ತ?”

ಸುಧಾರಾಣಿ ಜೋಳದೊಳಗಿನ ಕಲ್ಲು ಹುಡುಕತೊಡಗಿದಳು.

ಹೊಲದ ಕೆಲಸ ಮಾತ್ರ ದಿನಾ ನಡೆಯಿತು. ಸಾಲುಗಳಲ್ಲಿ ಹಳದಿ ಹಾಳೆಗಳು ನೇತಾಡಿದವು, ಸಂಜೆಯ ಹೊತ್ತಿಗೆ ಎಳ್ಳು ಚೆಲ್ಲಿದ ಹಾಗೆ ನೊಣ ತುಂಬಿಕೊಂಡವು. ದುರುಗಮ್ಮ ಒಂದೊಂದೇ ಗಿಡದ ತುದಿ ನೋಡುವಳು, ಎಲೆ ಮಗುಚಿ ಅಡಿ ನೋಡುವಳು, ಮಡಿಚಿದ್ದು ಕಂಡರೆ ಚೀಲ ಮುಚ್ಚಿ ಬಲಗೈಯಿಂದ ಕೀಳುವಳು. ಹೂ ಬಿಟ್ಟ ಗಿಡ ಕೀಳುವಾಗ ಮೊದಲೆರಡು ದಿನ ಅತ್ತಳು. ಆಮೇಲೆ ರೂಢಿಯಾಯಿತು. ವಾರ ಕಳೆಯುವುದರೊಳಗೆ ಹೊಸದಾಗಿ ಮುದುರುವುದು ಕಡಿಮೆಯಾಯಿತು. ನಡುವಿನ ಸಾಲುಗಳಲ್ಲಿ ಕಾಯಿ ಕಚ್ಚಿತು, ನಿಂಬೆ ಗಾತ್ರದ್ದು. ಹೊಲ ಮುಕ್ಕಾಲು ಪಾಲು ಉಳಿಯುವುದೆಂದು ಅವಳಿಗೆ ನಂಬಿಕೆ ಬಂತು. ಅಂಥ ನಂಬಿಕೆ ಮನೆಯ ಬಗ್ಗೆ ಇರಲಿಲ್ಲ. ಸಂಜೆಯಾದರೆ ಹೊರಬಾಗಿಲಿಗೆ ಹೋಗಿ ಚಪ್ಪಲಿ ನೋಡುವಳು. ಗಂಡನದು, ಮಗನದು, ಎಲ್ಲ ಗೋಡೆಗೆ ಒತ್ತಿ ಸಾಲಾಗಿ, ಸಾಲೆಯಲ್ಲಿ ಮಕ್ಕಳು ನಿಂತ ಹಾಗೆ. ಕುಡಿದು ಬಂದರೂ ಚಪ್ಪಲಿ ನೆಟ್ಟಗೆ ಬಿಡುವುದನ್ನು ಈ ಮನುಷ್ಯ ಯಾವಾಗ ಕಲಿತನೋ ಎಂದುಕೊಳ್ಳುವಳು.

ಕೊನೆಗೆ ಉಳಿದದ್ದು ಮೋಟಾರು ಶೆಡ್ಡಿನ ಪಕ್ಕದ ಸಾಲು. ಮೊದಲು ಮುದುರಿದ್ದು ಅದೇ; ಮತ್ತೆ ಚಿಗುರೀತೇನೋ ಎಂಬ ಆಸೆಗೆ ಇಷ್ಟು ದಿನ ಕೀಳಲು ಕೈ ಬಂದಿರಲಿಲ್ಲ. ಯುಗಾದಿ ಕಳೆದು ವಾರವಾಗಿತ್ತು. ಗಾಡಿ ಸಿರುಗುಪ್ಪಕ್ಕೆ ಹೋಗಿ ಒಂದು ತಾಸಾಗಿತ್ತು. ದುರುಗಮ್ಮ ಗಿಡದ ಬುಡ ಹಿಡಿದು ಎಳೆದಾಗ ನೆಲಕ್ಕೆ ಹೊದಿಸಿದ ಮಲ್ಚಿಂಗ್ ಹಾಳೆ ಹರಿದು ಬಂತು. ಹಾಳೆಯ ಅಡಿಯಲ್ಲಿ, ಮಣ್ಣಿಗೆ ಒತ್ತಿ ಚಪ್ಪಟೆ ಮಾಡಿದ ಪಾಕೀಟು. ಪಕ್ಕದ ಗಿಡದ ಬುಡದಲ್ಲಿ ಇನ್ನೆರಡು. ಅದರ ಪಕ್ಕ ಇನ್ನೂ ನಾಲ್ಕು. ಎಂಟಕ್ಕೆ ನಿಲ್ಲಲಿಲ್ಲ. ಹದಿನಾರು ಎಣಿಸಿ ಬಿಟ್ಟಳು. ಟ್ರಂಕಿನಿಂದ ಹೋದವು ಎಂಟಾದರೆ ಮಿಕ್ಕವು ಎಲ್ಲಿಂದ ಬಂದವು?

ಗಂಡನನ್ನು ಶಪಿಸುತ್ತ ಒಂದನ್ನು ಎತ್ತಿ ಹಿಡಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಮೂಲೆಯನ್ನು ಕುಡಗೋಲಿನಿಂದ ಕೊಯ್ದಿರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದಿತ್ತು, ಕಾಗದದ ಮೇಲೆ ಮುಂದಿನ ಹಲ್ಲುಗಳ ಗುರುತು ಚೆನ್ನಾಗಿ ಬಿದ್ದಿತ್ತು. ಇನ್ನೊಂದು ಎತ್ತಿದಳು, ಅದೂ ಹಾಗೆಯೇ. ಮತ್ತೊಂದು.

ಕಾಡಸಿದ್ದಪ್ಪನಿಗೆ ಮುಂದಿನ ಹಲ್ಲುಗಳೇ ಇಲ್ಲ. ಪೇರಲ ಹಣ್ಣು ಕೊಟ್ಟರೆ ಅವಳೇ ಹೆಚ್ಚಿ ಕೊಡಬೇಕು.

ಎಷ್ಟು ಹೊತ್ತು ಕೂತಳೋ. ಬೇಲಿಯೇ ಎದ್ದು ಹೊಲ ಮೇಯಿತೆಂದು ಜನ ಆಡುತ್ತಾರೆ. ಆ ಬೇಲಿಯನ್ನು ಹಾಕಿದವಳು ತಾನು. ‘ನನಗ ಆಗಂಗಿಲ್ಲ’ ಎಂದವನ ಅಂಗೈಗೆ ಕೀಲಿಕೈ ಹಾಕಿದವಳು ತಾನು. ಟ್ಯಾಂಕಿಗೆಂದು ಒಯ್ದವನ್ನೂ ಅವನು ಕುಡಿದಿದ್ದ. ಪಾಕೀಟನ್ನು ಸೆರಗಿಗೆ ಕಟ್ಟಿಕೊಂಡು, ಚೀಲ ಅಲ್ಲೇ ಬಿಟ್ಟು, ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದಳು.

ಹತ್ತೂವರೆ ಬಸ್ಸು ಹನ್ನೊಂದಕ್ಕೆ ಬಂತು. ಕಾಡಸಿದ್ದಪ್ಪ ಎಲ್ಲರೂ ಇಳಿದ ಮೇಲೆ ಕಂಬಿ ಹಿಡಿದು ಇಳಿದ. ಹೆಂಡತಿಯನ್ನು ಕಂಡು ಅಳುಕಿದ. “ಕೂಸಿಗೇನಾತು?”

ಅವಳು ಸೆರಗು ಬಿಚ್ಚಿ ಪಾಕೀಟು ತೋರಿಸಿದಳು. ಮೂಲೆಯ ಹಲ್ಲಿನ ಗುರುತು ತೋರಿಸಿದಳು. ಅವನು ನೋಡಿ ಮುಖ ಆಚೆ ತಿರುಗಿಸಿದ.

“ಯಾವಾಗಿಂದ ಗೊತ್ತು ನಿಮಗ?”

“ಹಾವಿನ ಹೆಜ್ಜಿ ಹಾವಿಗೇ ಗೊತ್ತು. ಮೂರನೇ ಸಲ ಹೊಡದು ಬಂದಾಗ ಅವನ ಕಣ್ಣು ನೋಡಿದೆ.”

“ಮತ್ತ ನಾನಾ ಅಂತ ಯಾಕ ಒಪ್ಕೊಂಡ್ರಿ?”

“ಇಲ್ಲ ಅಂದಿದ್ರ ನಂಬ್ತಿದ್ದೇನು?” ಅವನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ. “ಸೊಸಿಗೆ ಗೊತ್ತಾದ್ರ ಕೂಸಿನ್ನ ಕರ್ಕೊಂಡು ಕುರುಗೋಡಿಗೆ ಹೋಗಿಬಿಡ್ತಾಳ. ತಪ್ಪು ಅನ್ನಾಕೂ ಆಗಂಗಿಲ್ಲ. ಒಬ್ಬನಾ ಸಿಕ್ಕಾಗ ಕೈ ಹಿಡದು ಬೇಡ್ಕೊಂಡೆ. ಹ್ಞೂಂ ಅಂತಾನ. ನನಗ ಗೊತ್ತಿಲ್ಲೇನು ಆ ಹ್ಞೂಂ? ನಾನೂ ಅಷ್ಟಾ ಅಂತಿದ್ದೆ.”

“ದಿನಾ ಸಿರುಗುಪ್ಪಕ್ಕ ಹೋಗೋದು...”

“ನಾ ಪಕ್ಕದಾಗ ಕುಂತ್ರ ದಾರ್ಯಾಗ ಎಲ್ಲೂ ನಿಲ್ಸಂಗಿಲ್ಲ. ಕೂಸು ಸಾಲಿ ಗೇಟು ದಾಟೋತನಕ. ಆಮ್ಯಾಲೆ ಬಳ್ಳಾರಿ ರೋಡು ಹೆಂಗ ಹಿಡೀತಾನೋ, ಆ ಬಸವಣ್ಣನಾ ಕಾಯಬೇಕು. ನಿನ್ನೆ ಒಂದು ಎತ್ತಿನ ಗಾಡಿ... ಬಿಡು. ತಪ್ಪಿತು.”

ದುರುಗಮ್ಮನಿಗೆ ಎದೆ ಒಡೆದು ಅಳು ಬಂತು. ಹದಿನೈದು ದಿನ ಈ ಮನುಷ್ಯನನ್ನು ದನದ ಜೊತೆ ಮಲಗಿಸಿದಳಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುತ್ತಿದ್ದರು. ನೋಡಿದರೆ ನೋಡಲಿ ಎಂದು ಅವನ ಪಕ್ಕದಲ್ಲೇ ಕೂತು ಅತ್ತಳು. ಇಬ್ಬರೂ ಮನೆಗೆ ನಡೆದರು. ಮಧ್ಯಾಹ್ನ ಅವಳೇ ತಾಟು ಇಟ್ಟಳು, ಬಿಸಿ ರೊಟ್ಟಿ ಹಾಕಿದಳು, ಅವನಿಗಾಗುವ ಹಾಗೆ ಚೂರು ಮಾಡಿ ಸಾರಿನಲ್ಲಿ ನೆನೆಸಿ ಕೊಟ್ಟಳು. ಸುಧಾರಾಣಿ ನೋಡುತ್ತ ನೀರಿನ ಚರಿಗೆ ತಂದಿಟ್ಟಳು. ಸಂಜೆ ಹಂಪೇಶ್ ಬಂದ ಮೇಲೆ ಅವನೊಬ್ಬನನ್ನೇ ಕೂರಿಸಿಕೊಂಡು ಕೇಳುವುದೆಂದು ಗಂಡಹೆಂಡತಿ ಮಾತಾಡಿಕೊಂಡರು.

ಹೊತ್ತು ಮುಳುಗುವಾಗ ಗಾಡಿ ಬಂತು. ದುರುಗಮ್ಮ ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಗಾಡಿಯ ಕನ್ನಡಿ ಒಂದು ಒಡೆದಿತ್ತು. ಹಂಪೇಶ್ ಇಳಿದ, ಬಾಗಿಲಿಗೆ ಬಂದ, ಚಪ್ಪಲಿ ಕೊಡವಿ ಬಿಟ್ಟ. ಒಂದು ಹೊಸ್ತಿಲ ಹತ್ತಿರ ಬೋರಲು ಬಿತ್ತು. ಇನ್ನೊಂದು ಅಂಗಳಕ್ಕೆ ಹೋಯಿತು. ಅವನು ಗೋಡೆ ಸವರಿಕೊಂಡು ಒಳಗೆ ಬಂದು, ಗಾಡಿಯ ಕೀಲಿಕೈಯನ್ನು ಮೊಳೆಗೆ ಹಾಕಲು ಎರಡು ಸಲ ತಪ್ಪಿ ಮೂರನೇ ಸಲಕ್ಕೆ ಹಾಕಿ, ಬಚ್ಚಲಿಗೆ ನಡೆದ.

ದುರುಗಮ್ಮ ಹೊರಗೆ ಹೆಜ್ಜೆ ಇಡಬೇಕೆನ್ನುವಷ್ಟರಲ್ಲಿ ಪೂಜಿತಾ ಬಂದಳು. ಕೈಯಲ್ಲಿದ್ದ ಪುಸ್ತಕ ಕಟ್ಟೆಯ ಮೇಲಿಟ್ಟು, ಅಂಗಳದ ಚಪ್ಪಲಿ ಎತ್ತಿಕೊಂಡಳು, ಬೋರಲು ಬಿದ್ದದ್ದನ್ನು ಮಗುಚಿದಳು. ಎರಡನ್ನೂ ಗೋಡೆಗೆ ಒತ್ತಿ, ತಾತನ ಚಪ್ಪಲಿಯ ಪಕ್ಕಕ್ಕೆ ಸಾಲಾಗಿ ಜೋಡಿಸಿದಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ಪುಸ್ತಕ ತೆರೆದಳು.

ದುರುಗಮ್ಮ ಹೊಸ್ತಿಲಲ್ಲೇ ಕೂತಳು.

“ದಿನಾ ನೀನಾ ಇಡ್ತೀಯೇನವ್ವಾ?”

“ಹೂಂ.”

“ಯಾರು ಹೇಳಿದ್ರು?”

“ನೀನಾ ಹೇಳಿದ್ದಿಯಲ್ಲಜ್ಜಿ, ಚಪ್ಪಲಿ ಡಬ್ಬ ಬಿದ್ರ ಮನ್ಯಾಗ ಜಗಳ ಆಗ್ತೈತಂತ.” ಪೂಜಿತಾ ಪುಟ ತಿರುಗಿಸಿದಳು. “ಟಮಾಟಿಗೆ ಔಷಧಿ ಹೊಡೀತಿದ್ದಾಗಿಂದ ಅಪ್ಪಂದು ದಿನಾ ಡಬ್ಬ ಬೀಳ್ತಾವ.”

ದುರುಗಮ್ಮ ಎದ್ದಳು. ಮೊಳೆಯಿಂದ ಗಾಡಿಯ ಕೀಲಿಕೈ ತೆಗೆದು, ಟ್ರಂಕಿನ ಕೀಲಿಕೈ ಇದ್ದ ಜಾಗಕ್ಕೆ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಲೆಯ ಮುಂದೆ ಕೂತು ಹಿಟ್ಟು ನಾದಿದಳು. ಸುಧಾರಾಣಿಗೆ, “ಕೂಸಿನ್ನ ಕರ್ಕೊಂಡು ಹಿತ್ತಲಕ್ಕ ಹೋಗಿ ಕುಂದ್ರು,” ಎಂದಳು. ಸುಧಾರಾಣಿ ಅತ್ತೆಯ ಮುಖ ನೋಡಿದಳು, ಮಗಳ ಕೈ ಹಿಡಿದು ಹೋದಳು.

ಕಾಡಸಿದ್ದಪ್ಪ ಕೊಟ್ಟಿಗೆಯಿಂದ ಬಂದು ನಡುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಅವಳ ಮಣಿಕಟ್ಟನ್ನು ತಿರುವಿದ್ದು ಅದೇ ಬಾಗಿಲಲ್ಲಿ.

“ಅವ್ವಾ, ಗಾಡಿ ಕೀಲಿ ಎಲ್ಲಿ?” ಬಚ್ಚಲಿನ ಕಡೆಯಿಂದ ಬಂದ ಹಂಪೇಶ್ ಮೊಳೆಯ ಮುಂದೆ ನಿಂತು ಕೇಳಿದ. “ಒಂದು ಸಲ ಹೊರಗ ಹೋಗಿ ಬರ್ತೀನಿ.”

ದುರುಗಮ್ಮ ರೊಟ್ಟಿ ಬಡಿಯುತ್ತಿದ್ದಳು, ಬಲಗೈಯೊಂದರಿಂದ.

“ಅವ್ವಾ, ಕೀಲಿ ಎಲ್ಲಿ?”

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು.

“ಲೇ, ಕೀಲಿ ಎಲ್ಲಿ ಅಂದೆ!”

ತಾಯಿಗೆ ಲೇ ಅಂದವನಲ್ಲ ಅವನು. ಆರು ವರ್ಷದ ಮೇಲೆ ಆ ದನಿ ಮನೆಗೆ ಮರಳಿ ಬಂದಿತ್ತು, ಬೇರೆ ಬಾಯಿಂದ. ದುರುಗಮ್ಮ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು ಎದ್ದು ನಿಂತಳು.

“ನನ್ನತ್ರ ಐತಿ,” ಎಂದಳು.